ಹೊಗೆಹೊಂಡದ ಇಪ್ಪತ್ತಮೂರು ನಾಡಿಗಳು

ಇಪ್ಪತ್ತಮೂರು ಹೆಂಗಸರ ಹೃದಯಗಳು ಒಂದೇ ತಾಳಕ್ಕೆ ಬಡಿಯುತ್ತವೆ ಎಂಬುದನ್ನು ನಾನು ಕಂಡುಹಿಡಿದದ್ದು ಒಂದು ಮಂಗಳವಾರ ಬೆಳಿಗ್ಗೆ, ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ, ಎದುರಿಗಿದ್ದ ಚಹಾ ಆರಿ ತಣ್ಣಗಾಗುವ ಹೊತ್ತಿಗೆ. ಆ ಚಹಾವನ್ನು ನಾನು ಕುಡಿಯಲೇ ಇಲ್ಲ. ಇಂಥ ಸಂಗತಿ ಕಣ್ಣೆದುರು ನಡೆಯುವಾಗ ಚಹಾ ಕುಡಿಯುವವನು ವಿಜ್ಞಾನಿಯೇ ಅಲ್ಲ ಎಂದು ಆಗ ಅನಿಸಿತ್ತು. ಈಗ ಅನಿಸುವುದು ಬೇರೆ. ಆ ಚಹಾ ಕುಡಿದು ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ. ನಾನು ಅರವಿಂದ ಹಂಚಿನಾಳ, ನಾಡಿಪಟ್ಟಿ ಮಾಡುವ ಎಂಜಿನಿಯರು. ನಾಡಿಪಟ್ಟಿ ಎಂದರೆ ಮಣಿಕಟ್ಟಿಗೆ ಹಾಕುವ ಎರಡು ಬೆರಳಗಲದ, ಎಳೆದರೆ ಹಿಗ್ಗುವ ಪಟ್ಟಿ. ಒಳಮೈಗೆ ಬೆಳ್ಳಿಯ ತೆಳು ಲೇಪ. ಅದು ಚರ್ಮಕ್ಕೆ ತಾಗಿ ಹೃದಯದ ಬಡಿತ, ಮೈಯ ಬಿಸಿ, ನಿದ್ದೆ, ನಡೆದ ಹೆಜ್ಜೆ ಎಲ್ಲವನ್ನೂ ಹಿಡಿದು ನಮಗೆ ಕಳಿಸುತ್ತದೆ. ಚರ್ಮದಿಂದ ಬಿಡಿಸಿ ಒಂದು ನಿಮಿಷವಾದರೆ ಕುಂಯ್ ಕುಂಯ್ ಎಂದು ಅಳಲು ಶುರುಮಾಡುತ್ತದೆ. ಆ ಅಳು ನನ್ನದೇ ಉಪಾಯ. ಜನ ಪಟ್ಟಿಯನ್ನು ಬಿಚ್ಚಿ ಗೂಟಕ್ಕೆ ಹಾಕಿ ಮರೆಯುತ್ತಾರೆ, ಅದಕ್ಕೆ.

ಚಿಕಿತ್ಸೆ ಎಂಬ ಹೆಸರು ಬೇಕಾದರೆ ನಾಡಿಪಟ್ಟಿ ಸಾಕ್ಷಿ ಹೇಳಬೇಕು ಎಂಬ ಕಾನೂನು ಬಂದು ಆಗ ನಾಲ್ಕು ವರ್ಷವಾಗಿತ್ತು. ದೊಡ್ಡ ದೊಡ್ಡ ಹೆಸರಿನ ಕಷಾಯಗಳು ಈ ಪರೀಕ್ಷೆಯಲ್ಲಿ ಸೋತು ಸುಣ್ಣವಾಗಿದ್ದವು. ಎಣ್ಣೆಸ್ನಾನ ಅರ್ಧಂಬರ್ಧ ಗೆದ್ದಿತ್ತು. ಊಟದ ನಂತರ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವುದು ಯಾರೂ ಎಣಿಸದ ಹಾಗೆ ಪೂರ್ತಿ ಗೆದ್ದುಬಿಟ್ಟಿತ್ತು. ಈಗ ಸರದಿ ಹೊಗೆಹೊಂಡದ್ದು.

ಹೊಗೆಹೊಂಡವನ್ನು ನಕಾಶೆಯಲ್ಲಿ ಹುಡುಕಬೇಡಿ. ಬೆಳಗಾವಿ ಸೀಮೆಯ ಕೆಂಪುಕಲ್ಲಿನ ಒಂದು ಗುಡ್ಡದ ಬುಡದಲ್ಲಿ ಬಿಸಿನೀರಿನ ಬುಗ್ಗೆ, ಅದಕ್ಕೆ ಕಟ್ಟಿದ ಹನ್ನೆರಡು ಮೆಟ್ಟಿಲಿನ ಹೊಂಡ, ಸುತ್ತ ಆಳೆತ್ತರದ ಗೋಡೆ. ನೀರಿನ ಬಿಸಿ ನಲವತ್ತೊಂದು ಡಿಗ್ರಿ, ವಾಸನೆ ಕೆಟ್ಟ ತತ್ತಿಯದು, ಗಂಧಕ ತುಂಬಿದ ನೀರು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಹೆಂಗಸರ ಹೊತ್ತು. ಸುತ್ತಲ ಊರುಗಳ ಮೊಣಕಾಲು ಹಿಡಿದವರು, ಸೊಂಟ ಹೋದವರು ಅಲ್ಲಿಗೆ ಬಂದು ಕುತ್ತಿಗೆಮಟ್ಟ ಕೂತು ಏಳುತ್ತಾರೆ. ಇದು ನಿಜವಾಗಿ ಚಿಕಿತ್ಸೆಯೋ ಬರೀ ಸ್ನಾನವೋ ಎಂದು ನಾನು ಎರಡು ತಿಂಗಳಲ್ಲಿ ಹೇಳಬೇಕಿತ್ತು. ಚಿಕಿತ್ಸೆ ಎಂದು ಸಾಬೀತಾದರೆ ಹೊಂಡ ಜನರಿಗೆ ಉಳಿಯುತ್ತದೆ. ಇಲ್ಲವಾದರೆ ಬುಗ್ಗೆಯ ಬಾಯಿಗೆ ಮುಚ್ಚಳ ಬಿಗಿದು, ಆ ಬಿಸಿಯನ್ನು ಕೊಳವೆಯಲ್ಲಿ ಗುಡ್ಡದಾಚೆಯ ವಿದ್ಯುತ್ ಸ್ಥಾವರಕ್ಕೆ ಒಯ್ಯುತ್ತಾರೆ. ಕೊಳವೆಗಳು ಆಗಲೇ ಬಂದು ಗೋಡೆಯ ಹೊರಗೆ ಬಿದ್ದಿದ್ದವು. ಆಡುಗಳು ಅವುಗಳ ನೆರಳಲ್ಲಿ ಮಲಗುತ್ತಿದ್ದವು.

ಹೊಂಡ ನೋಡಿಕೊಳ್ಳುವವಳು ನೀಲವ್ವ. ಐವತ್ತೆಂಟು ವರ್ಷ, ಹಣೆಯಗಲ ವಿಭೂತಿ, ಬಾಯಿ ತೆರೆದರೆ ಅರ್ಧ ಬೈಗುಳ, ಅರ್ಧ ಅಕ್ಕರೆ. ಮೆಟ್ಟಿಲಿನ ಪಾಚಿ ಉಜ್ಜುವುದು, ಬಂದವರ ಕೈಹಿಡಿದು ಇಳಿಸುವುದು, ಯಾರು ಎಷ್ಟು ಹೊತ್ತು ಕೂರಬೇಕೆಂದು ಗದರಿಸುವುದು ಎಲ್ಲ ಅವಳದೇ. ಮೂವತ್ತೊಂದು ವರ್ಷದಿಂದ ಹೊಂಡವೇ ಅವಳ ಮನೆ, ಅವಳ ಬಳಗ.

ಮೊದಲ ದಿನ ನಾನು ಇಪ್ಪತ್ತಮೂರು ಪಟ್ಟಿಗಳ ಪೆಟ್ಟಿಗೆ ಹಿಡಿದು ಹೋದಾಗ ಅವಳು ಬಾಗಿಲಲ್ಲೇ ತಡೆದಳು.

"ಸಾಹೇಬ್ರ, ನಿಂದ್ರರಿ. ಇದು ಹೆಣ್ಮಕ್ಕಳ ಹೊತ್ತು. ಗಂಡಸರ ನೆರಳೂ ಒಳಗ ಬರಂಗಿಲ್ಲ."

"ಈ ಪಟ್ಟಿ ಹೆಂಗ ಹಾಕ್ಕೋಬೇಕು ಅಂತ ತೋರಸಬೇಕಾಗಿತ್ತವಾ."

"ಬಳಿ ಹಾಕ್ಕೊಳ್ಳೂದು ನಮಗ ಕಲಸಾಕ ಬಂದೀರೇನು? ಕೊಡ್ರಿ ಇಲ್ಲೆ."

ಕೊಟ್ಟೆ. ಜೊತೆಗೆ ಒಂದು ಸೂಚನೆಯ ಹಾಳೆಯನ್ನೂ ಕೊಟ್ಟೆ. ಪಟ್ಟಿ ಹಗಲೂ ರಾತ್ರಿ ಮೈಮೇಲಿರಬೇಕು, ಸ್ನಾನದಲ್ಲೂ ಬಿಚ್ಚಬಾರದು, ಇತ್ಯಾದಿ ಹದಿನಾಲ್ಕು ಅಂಶ. ಅದನ್ನು ಯಾರಾದರೂ ಓದಿದರೇ ಎಂದು ನಾನು ಮುಂದೆಂದೂ ಕೇಳಲಿಲ್ಲ.

ಇನ್ನು ಆ ಮಂಗಳವಾರಕ್ಕೆ ಬರುತ್ತೇನೆ. ಪರದೆಯ ಮೇಲೆ ಇಪ್ಪತ್ತಮೂರು ಗೆರೆಗಳು ಓಡುತ್ತಿದ್ದವು, ಒಬ್ಬೊಬ್ಬರದು ಒಂದೊಂದು. ಆರೂವರೆಗೆ ಅವು ಸಂತೆಯ ಮಾತಿನ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದವು. ಆರು ನಲವತ್ತಕ್ಕೆ ಎರಡು ಗೆರೆ ಒಂದಾದವು. ಆಮೇಲೆ ಐದು, ಆಮೇಲೆ ಹನ್ನೊಂದು. ಏಳು ಹೊಡೆಯುವ ಹೊತ್ತಿಗೆ ಇಪ್ಪತ್ತಮೂರೂ ಗೆರೆಗಳು ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಒಂಬತ್ತರ ಹೊತ್ತಿಗೆ ಮತ್ತೆ ಒಂದೊಂದಾಗಿ ಬಿಡಿಸಿಕೊಂಡು ತಮ್ಮ ತಮ್ಮ ದಾರಿ ಹಿಡಿದವು. ಹಿಂದಿನ ದಿನಗಳ ದಾಖಲೆ ತೆರೆದು ನೋಡಿದೆ. ಐವತ್ತು ದಿನವೂ ಹಾಗೆಯೇ.

ಎರಡು ಸಂಗತಿ ನನ್ನನ್ನು ಕಾಡಬೇಕಿತ್ತು, ಕಾಡಲಿಲ್ಲ. ಒಂದು, ನಲವತ್ತೊಂದು ಡಿಗ್ರಿ ನೀರಲ್ಲಿ ಕೂತವರ ಮಣಿಕಟ್ಟು ಬಿಸಿಯಾಗಬೇಕು. ಪಟ್ಟಿಗಳು ಮೂವತ್ತಮೂರನ್ನೇ ತೋರಿಸುತ್ತಿದ್ದವು. ವರ್ಷಾನುಗಟ್ಟಲೆಯ ರೂಢಿಯಿಂದ ಇವರ ಮೈ ಬಿಸಿಯನ್ನು ತಡೆಯಲು ಕಲಿತಿದೆ ಎಂದು ಬರೆದುಕೊಂಡೆ. ಇನ್ನೊಂದು, ಆಗಾಗ ಇಪ್ಪತ್ತಮೂರು ಗೆರೆಗಳೂ ಒಮ್ಮೆಗೇ ಚಪ್ಪಟೆಯಾಗುತ್ತಿದ್ದವು. ಎರಡು ಸೆಕೆಂಡು, ಎರಡೂವರೆ ಸೆಕೆಂಡು ಬಡಿತವೇ ಇಲ್ಲ, ಆಮೇಲೆ ಮತ್ತೆ ಶುರು. ಇಂಥ ತಡೆ ಒಬ್ಬರಲ್ಲಿ ಕಂಡರೆ ನಮ್ಮ ಯಂತ್ರ ಕೂಡಲೇ ಗಂಟೆ ಬಾರಿಸುತ್ತದೆ. ಎಲ್ಲರಲ್ಲೂ ಒಮ್ಮೆಗೇ ಕಂಡರೆ ಅದು ರೋಗವಲ್ಲ, ಸಂಪರ್ಕದ ದೋಷ ಎಂದು ಸುಮ್ಮನಾಗುತ್ತದೆ. ಹಾಗೆ ಸುಮ್ಮನಿರಲು ಕಲಿಸಿದವನೂ ನಾನೇ. ಆದರೆ ನನಗೆ ದೋಷ ಎನ್ನಲೂ ಮನಸ್ಸಾಗಲಿಲ್ಲ. ಬೆಚ್ಚನೆ ನೀರಲ್ಲಿ ಇಪ್ಪತ್ತಮೂರು ಜೀವಗಳು ಒಟ್ಟಿಗೆ ಉಸಿರು ಹಿಡಿದು ದಣಿವಾರಿಸಿಕೊಳ್ಳುತ್ತಿವೆ ಎಂದುಕೊಂಡೆ. ಅದಕ್ಕೆ "ಹೊಂಡದ ವಿರಾಮ" ಎಂದು ಹೆಸರನ್ನೂ ಇಟ್ಟೆ. ಆ ಹೆಸರು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಸಂಜೆ ಮನೆಗೆ ಹೋದವನೇ ಹೆಂಡತಿಗೆ ಹೇಳಿದೆ. ಕುಮುದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಮನೆಯಲ್ಲಿ ಯಾವ ಹೊಸ ಪಟ್ಟಿ ತಯಾರಾದರೂ ಮೊದಲು ಅವಳ ಕೈಗೇ ಹಾಕುವುದು. ವರ್ಷಗಳ ಹಿಂದೆ ರೊಟ್ಟಿ ಬಡಿಯುತ್ತಿದ್ದವಳ ಕೈಗೆ ಮೊಟ್ಟಮೊದಲ ಪಟ್ಟಿ ಹಾಕಿದಾಗಲೇ ಒಂದು ಸಂಗತಿ ಗೊತ್ತಾಗಿತ್ತು: ಅವಳ ಹೃದಯ ಇಪ್ಪತ್ತು ಮೂವತ್ತು ಬಡಿತಕ್ಕೊಮ್ಮೆ ಒಂದು ಬಡಿತವನ್ನು ಅವಸರದಲ್ಲಿ ಮುಂಚೆಯೇ ಹಾಕಿಬಿಡುತ್ತದೆ. ಡಾಕ್ಟರು ನೋಡಿ ಏನೂ ಅಪಾಯವಿಲ್ಲ ಎಂದಿದ್ದರು. "ನಿಮ್ಮಂಥಾ ಸಾವಕಾಶದವರ ಜೋಡಿ ಬಾಳೇ ಮಾಡಬೇಕಲ್ಲ, ಒಬ್ಬರರೆ ಅವಸರ ಮಾಡಬೇಕು" ಎಂದು ಅವಳು ನಕ್ಕಿದ್ದಳು.

ಈಗ ನನ್ನ ಶೋಧದ ಕಥೆ ಕೇಳಿ ನಗಲಿಲ್ಲ. ಸೌತೆಕಾಯಿ ಹೆಚ್ಚುತ್ತ ಕೇಳಿದಳು.

"ನಮ್ಮ ಸ್ಟಾಫ್ ರೂಮಿನಾಗ ಏಳು ಮಂದಿ ಒಂದ ಹೊತ್ತಿಗೆ ಸುಮ್ಮನ ಕೂಡಂಗಿಲ್ಲ. ಇಪ್ಪತ್ಮೂರು ಮಂದಿ ಎದಿ ಒಂದ ಹೊತ್ತಿಗೆ ಹೆಂಗ ಬಡೀತದ್ರೀ?"

"ಅದೇ ಶೋಧ. ಗುರುವಾರ ತಜ್ಞರ ಸಮಿತಿ ಮುಂದ ಇಡತೀನಿ. ಹೊಂಡ ಉಳೀತದ, ನೋಡ್ತಿರು."

"ಇಪ್ಪತ್ಮೂರು ಹುಡುಗರು ಒಂದ ಲೆಕ್ಕಕ್ಕ ಒಂದ ಉತ್ತರ ಬರದ್ರ, ಅದೂ ತಪ್ಪು ಸೈತ ಒಂದ ಜಾಗಾದಾಗ ಇದ್ರ, ನಾ ಏನಂತೀನಿ ಗೊತ್ತದ ಏನು?"

"ಏನಂತೀ?"

"ಒಬ್ಬ ಬರದಾನ, ಉಳದವರು ಅವನ್ನ ನೋಡಿ ಬರದಾರ ಅಂತೀನಿ."

ನನಗೆ ಸಿಟ್ಟು ಬಂತು. ಹೃದಯಗಳು ಕಾಪಿ ಹೊಡೆಯುವುದಿಲ್ಲ ಎಂದೆ. ಹೊಡೆಯಲಿಕ್ಕಿಲ್ಲ ಎಂದು ಅವಳು ಒಪ್ಪಿಕೊಂಡಳು, ಆದರೆ ಆ ಒಪ್ಪಿಗೆಯ ದನಿ ನನಗೆ ಚೆನ್ನಾಗಿ ಗೊತ್ತು. ಸಮಿತಿಯ ಸಭೆ ಏನೋ ಕಾರಣಕ್ಕೆ ಮುಂದಿನ ಗುರುವಾರಕ್ಕೆ ಹೋಯಿತು. ಆ ಭಾನುವಾರ ಕುಮುದಾ ತನ್ನ ಭುಜದ ನೋವಿನ ನೆಪ ತೆಗೆದು ನನ್ನ ಜೊತೆ ಹೊಗೆಹೊಂಡಕ್ಕೆ ಹೊರಟಳು.

ನಾನು ಗೋಡೆಯ ಹೊರಗೆ ಬೇವಿನ ಮರದಡಿ ಕಾದೆ. ಒಳಗಿಂದ ನಗೆ, ನೀರಿನ ಸಪ್ಪಳ, ನೀಲವ್ವನ ಬೈಗುಳ ಕೇಳುತ್ತಿದ್ದವು. ಒಂದೂವರೆ ಗಂಟೆಯಾದ ಮೇಲೆ ಕುಮುದಾ ಒದ್ದೆ ಕೂದಲಲ್ಲಿ ಹೊರಗೆ ಬಂದು ನನ್ನ ಪಕ್ಕ ಕೂತಳು.

"ನಿಮ್ಮ ಪಟ್ಟಿಗೆ ಒಳಗ ಬೆಳ್ಳಿ ಅದಲ್ಲ?"

"ಅದ. ಯಾಕ?"

"ಈ ನೀರು ಬೆಳ್ಳಿ ತಿಂತದಂತ. ಒಮ್ಮೆ ಇಳದ್ರ ಕಾಲುಂಗರ ಕಾಡಿಗಿ ಆಗ್ತದಂತ. ಇಲ್ಲಿ ಸಣ್ಣ ಹುಡುಗೀಗೂ ಗೊತ್ತದ. ಅದಕ್ಕ ಇಳಿಯೂ ಮುಂಚೆ ಎಲ್ಲಾರೂ ಡಾಬು, ಕಾಲ್ಗಡಗ, ಕಾಲುಂಗರ ಎಲ್ಲಾ ಬಿಚ್ಚಿ ನೀಲವ್ವಗ ಕೊಡ್ತಾರ. ಒಡವಿ ಕಲ್ಲಿನ ಮ್ಯಾಲೆ ಇಡಬಾರದಂತ, ಮೈಮ್ಯಾಲೇ ಇರಬೇಕಂತ. ಆಕಿ ಅವನ್ನೆಲ್ಲಾ ತಾನೇ ಹಾಕ್ಕೊಂಡು ಮೆಟ್ಟಿಲ ಮ್ಯಾಲೆ ಕೂಡತಾಳ."

"ಮತ್ತ ಪಟ್ಟಿ?" ಎಂದೆ.

"ಪಟ್ಟೀನೂ ಕೊಡ್ತಾರ್ರೀ. ಬಲಗೈಯಾಗ ಹನ್ನೆರಡು, ಎಡಗೈಯಾಗ ಹನ್ನೊಂದು. ಮಣಿಕಟ್ಟಿನಿಂದ ಭುಜದ ತನಕ. ಯಾಕವಾ ಅಂತ ಕೇಳಿದ್ರ, 'ಬಿಚ್ಚಿಟ್ಟರ ಅಳತಾವ್ರಿ ಅಕ್ಕಾರ, ಪಾಪ, ಅದಕ್ಕ ಹಾಕ್ಕೊಂಡೇನಿ' ಅಂದ್ಲು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾನು ಒಂದೇ ಕೂಸನ್ನು ಇಪ್ಪತ್ತಮೂರು ಎಂದು ಎಣಿಸಿ ಊರಿಗೆ ಸಕ್ಕರೆ ಹಂಚಲು ಹೊರಟಿದ್ದೆ. ಇಪ್ಪತ್ತಮೂರು ಹೃದಯಗಳು ಒಂದೇ ತಾಳಕ್ಕೆ ಬಡಿದಿರಲಿಲ್ಲ. ಬಡಿದದ್ದು ಒಂದೇ ಹೃದಯ. ಮೈ ಬಿಸಿಯಾಗದಿದ್ದುದು ನೀರಿಗೇ ಇಳಿಯದ ಕಾರಣ. ನನ್ನ ಶೋಧ, ನನ್ನ ಹೆಸರು, ಹೊಂಡದ ಉಳಿವು ಎಲ್ಲವೂ ಆ ಬೇವಿನ ಮರದಡಿ ಮುಗಿದುಹೋದವು ಎಂದು ಒಂದು ನಿಮಿಷ ಗೋಳಾಡಿದೆ.

ಆಮೇಲೆ ವಿರಾಮಗಳು ನೆನಪಾದವು.

ಚೀಲದಿಂದ ಪುಟ್ಟ ಪರದೆ ತೆಗೆದು ದಾಖಲೆ ತೆರೆದೆ. ಮೊದಲ ವಾರ ಎರಡು ಸೆಕೆಂಡು. ನಾಲ್ಕನೇ ವಾರ ಎರಡೂವರೆ. ಮೊನ್ನೆ ಶುಕ್ರವಾರ ಮೂರೂಮುಕ್ಕಾಲು ಸೆಕೆಂಡು. ದಿನಕ್ಕೆ ಒಮ್ಮೆ ಬರುತ್ತಿದ್ದದ್ದು ಈಗ ಆರು ಸಲ. ಒಬ್ಬಳೇ ಹೆಂಗಸಿನ ಹೃದಯ ಅಷ್ಟಷ್ಟು ಹೊತ್ತು ನಿಂತು ನಿಂತು ಹೊರಡುತ್ತಿತ್ತು, ಅದನ್ನು ನಾನು ವಿಶ್ರಾಂತಿ ಎಂದು ಬರೆದಿಟ್ಟಿದ್ದೆ.

ಕುಮುದಾ ಪರದೆ ನೋಡಿದಳು. ಅವಳಿಗೆ ಹೃದಯದ ವಿದ್ಯೆ ಗೊತ್ತಿಲ್ಲ, ಆದರೆ ಅಂಕಿಗಳು ಯಾವ ಕಡೆ ಹೋಗುತ್ತಿವೆ ಎಂಬುದು ಗೊತ್ತಾಗುತ್ತದೆ.

"ಆಕೀ ಎದಿ ಇಪ್ಪತ್ಮೂರು ಬಾಯಿಲೆ ಕೂಗಿ ಹೇಳೇದ. ನಿಮಗ ಒಂದ ಸಲಾನೂ ಕೇಳಿಸಿಲ್ಲ" ಎಂದಳು. ಅವಳು ನನ್ನನ್ನು ಇಷ್ಟು ಕಠಿಣವಾಗಿ ಎಂದೂ ಅಂದಿರಲಿಲ್ಲ.

ಒಂಬತ್ತಕ್ಕೆ ಹೆಂಗಸರ ಹೊತ್ತು ಮುಗಿದು ಬಾಗಿಲು ತೆರೆಯಿತು. ನೀಲವ್ವ ಒಬ್ಬೊಬ್ಬರ ಪಟ್ಟಿ, ಒಬ್ಬೊಬ್ಬರ ಕಾಲ್ಗಡಗ ಹೆಸರು ಹಿಡಿದು ಕರೆದು ಕೊಡುತ್ತಿದ್ದಳು. ಒಂದೂ ಅದಲುಬದಲಾಗಲಿಲ್ಲ. ನಾನು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿದೆ.

"ಎದ್ದಾಗ ಕಣ್ಣಿಗೆ ಕತ್ತಲಿ ಬರತೈತೇನವಾ?"

"ಬರತೈತ್ರಿ. ಉಗಿಗೆ ಅದು. ಮೊನ್ನೆ ಕಂಬ ಹಿಡಕೊಂಡು ನಿಂತೆ, ಸರಿ ಆತು."

"ಉಗಿಗೆ ಅಲ್ಲ. ನಿಮ್ಮ ಎದಿ ನಡುನಡುವ ನಿಂದರಾಕತ್ತೈತಿ. ಇವತ್ತ ದವಾಖಾನಿಗೆ ಹೋಗಬೇಕು. ಎದಿಗೆ ಸಣ್ಣದೊಂದು ಯಂತ್ರ ಕೂಡಸತಾರ, ಅದು ತಾಳ ತಪ್ಪಾಕ ಬಿಡಂಗಿಲ್ಲ."

ನೀಲವ್ವ ಗಾಬರಿಯಾಗಲಿಲ್ಲ. ಅವಳಿಗೆ ನನಗಿಂತ ಬೇಗ ಲೆಕ್ಕ ಹತ್ತಿತ್ತು.

"ಅಂದ್ರ ಇಷ್ಟ ದಿನ ನೀವು ನೋಡಿದ್ದು ನನ್ನ ಎದಿ. ಇವರದಲ್ಲ."

"ಹೌದು."

"ದವಾಖಾನಿಗೆ ಹೋದ್ರ ಆ ಸುದ್ದಿ ಕಮಿಟಿಯವರಿಗೂ ಗೊತ್ತಾಗತೈತಿ. ನಿಮ್ಮ ಪರೀಕ್ಷಾ ಸುಳ್ಳಾಗತೈತಿ. ಹೊಂಡ ಮುಚ್ಚತಾರ."

ನಿಜ ಹೇಳಬೇಕೆಂದರೆ ಅದೇ ಯೋಚನೆ ಬೇವಿನ ಮರದಡಿ ನನ್ನ ತಲೆಯಲ್ಲೂ ಒಮ್ಮೆ ಹಾದುಹೋಗಿತ್ತು.

"ಹಂಗಾದ್ರ ಗುರುವಾರ ಆಗಲಿ" ಎಂದಳು ನೀಲವ್ವ. "ನೀವು ಹೇಳೂದು ಹೇಳ್ರಿ, ಹೊಂಡ ಉಳಸ್ರಿ. ಶುಕ್ರವಾರ ಮುಂಜಾನೆ ನಾನೇ ಬರತೀನಿ. ನಾಕು ದಿನದಾಗ ಏನಾಕ್ಕೈತಿ? ನಾ ಒಬ್ಬಾಕಿ ಸಲುವಾಗಿ ಇಷ್ಟು ಮಂದಿ ಮೊಣಕಾಲು ಹಾಳ ಮಾಡಬ್ಯಾಡ್ರಿ."

ನಾನು ಗೋಗರೆದೆ. ಕುಮುದಾ ಕೈ ಹಿಡಿದು ಹೇಳಿದಳು. ನೀಲವ್ವ ಅಲ್ಲಾಡಲಿಲ್ಲ. ಅಷ್ಟರಲ್ಲಿ ಗುಂಪಿನಿಂದ ರಾಜಬಿ ಮುಂದೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಎರಡೂ ಮೊಣಕಾಲು ಸೊಟ್ಟ, ಹೊಂಡಕ್ಕೆ ನೀಲವ್ವನಿಗಿಂತ ಹಳಬಳು. ಅವಳು ನೀಲವ್ವನೊಂದಿಗೆ ವಾದ ಮಾಡಲೇ ಇಲ್ಲ. ಆಗಷ್ಟೇ ತೊಟ್ಟುಕೊಂಡಿದ್ದ ತನ್ನ ಬೆಳ್ಳಿ ಕಾಲ್ಗಡಗವನ್ನು ಬೆರಳಿಂದ ಮುಟ್ಟಿ ತೋರಿಸಿದಳು.

"ನೋಡ ನೀಲವ್ವ. ಇದು ನಮ್ಮ ಅವ್ವಂದು. ಅರವತ್ತು ವರ್ಷಾತು, ಇದಕ್ಕ ಈ ನೀರು ಮುಟ್ಟಿಲ್ಲ. ಇವತ್ತ ನೀ ಇವರ ಜೋಡಿ ಹೋಗಲಿಲ್ಲ ಅಂದ್ರ, ನಾಳಿಂದ ನಾ ಇದನ್ನ ನಿನ್ನ ಕೈಯಾಗ ಕೊಡಂಗಿಲ್ಲ. ಹಾಕ್ಕೊಂಡ ಇಳೀತೀನಿ. ಕರ್ರಗಾಗಲಿ."

"ಹುಚ್ಚಿ ಅದೀ ಏನು?" ಎಂದಳು ನೀಲವ್ವ.

"ನಾನೂ ಕೊಡಂಗಿಲ್ಲ" ಎಂದಳು ಹಿಂದಿದ್ದ ಇನ್ನೊಬ್ಬಳು. ನಾನೂ, ನಾನೂ ಎಂದು ಸಾಲಾಗಿ ದನಿಗಳು ಎದ್ದವು. ಒಬ್ಬಳು ಆಗಲೇ ಸೊಂಟದ ಡಾಬಿನ ಸಮೇತ ಮೆಟ್ಟಿಲ ಕಡೆಗೆ ನಡೆದುಬಿಟ್ಟಳು.

ನೀಲವ್ವನ ಕಣ್ಣಲ್ಲಿ ಅಲ್ಲಿಯವರೆಗೆ ಬಾರದ ನೀರು ಆಗ ಬಂತು. ಮೂವತ್ತೊಂದು ವರ್ಷ ಯಾರ ಒಡವೆಯೂ ಮಸಿಯಾಗದಂತೆ ಕಾಪಾಡಿದವಳು ಅವಳು. ಎದೆ ನಿಂತರೆ ನಿಲ್ಲಲಿ ಎಂದವಳಿಗೆ ಇದನ್ನು ತಡೆಯಲಾಗಲಿಲ್ಲ. "ಏ, ಬಿಚ್ಚ ಅದನ್ನ! ಬರತೀನಿ, ನಡೀರಿ!" ಎಂದು ಕೂಗಿ ಎದ್ದಳು. ಎದ್ದವಳು ಹಾಗೆಯೇ ತೂರಾಡಿದಳು. ಕುಮುದಾ ಒಂದು ಕಡೆ, ರಾಜಬಿ ಒಂದು ಕಡೆ ಹಿಡಿದುಕೊಂಡರು.

ಕಾರಿನಲ್ಲಿ ಕುಮುದಾ ಅವಳನ್ನು ಮಾತಿನಲ್ಲಿ ಹಿಡಿದಿಡಲು ಏನೇನೋ ಕೇಳುತ್ತಿದ್ದಳು. ಹೊಂಡದ ನೀರು ಮೈಗೆ ಎಷ್ಟು ಹಿತ ಅಲ್ಲವೇ ಎಂದಳು. ನೀಲವ್ವ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು.

"ನನಗೇನು ಗೊತ್ರಿ ಅಕ್ಕಾರ. ನಾ ಇಳದಿಲ್ಲಲ್ಲ."

"ಒಮ್ಮೆನೂ?"

"ಹೆಂಗ ಇಳಿಯೂದು? ಎಲ್ಲಾರ ಒಡವಿ ನನ್ನ ಮೈಮ್ಯಾಲ ಇರತಾವು. ಅವರು ಎದ್ದು ಹೋಗೂ ಹೊತ್ತಿಗೆ ಗಂಡಸರ ಹೊತ್ತು ಬರತೈತಿ."

ನಾನು ಕಾರು ಓಡಿಸುತ್ತಿದ್ದೆ. ರಸ್ತೆ ಸರಿಯಾಗಿ ಕಾಣಲು ಒಮ್ಮೆ ಕಣ್ಣೊರೆಸಿಕೊಳ್ಳಬೇಕಾಯಿತು.

ಅಂದೇ ಸಂಜೆ ಅವಳಿಗೆ ಯಂತ್ರ ಕೂಡಿಸಿದರು. ಡಾಕ್ಟರು ಇನ್ನೊಂದು ವಾರ ತಡವಾಗಿದ್ದರೆ ಎಂದು ಮಾತು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಗುರುವಾರ ನಾನು ಸಮಿತಿಯ ಮುಂದೆ ನಿಂತೆ. ಅಧ್ಯಕ್ಷೆ ಡಾ. ಸರೋಜಿನಿ ಮುದ್ನಾಳ, ನಲವತ್ತು ವರ್ಷ ಹೃದಯರೋಗ ನೋಡಿದವರು. ಅಡಿಯಿಂದ ಮುಡಿಯವರೆಗೆ ಎಲ್ಲ ಹೇಳಿದೆ. ಬೆಳ್ಳಿ, ಒಡವೆ, ಅಳುವ ಪಟ್ಟಿ, ನೀಲವ್ವನ ತೋಳು, ಏನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೃದಯ ನಿಂತದ್ದಕ್ಕ 'ವಿರಾಮ' ಅಂತ ಹೆಸರಿಟ್ಟ ಮಹಾನುಭಾವರು ನೀವೇ ಏನು?"

"ನಾನೇ ಮೇಡಂ."

"ಆ ನೀರಿಗೆ ಬೆಳ್ಳಿ ತಡೆಯಂಗಿಲ್ಲ ಅನ್ನೂದು ಊರ ಮಂದಿಗೆ ಗೊತ್ತು. ನಿಮ್ಮ ಪ್ರಯೋಗಾಲಯದಾಗ ಒಬ್ಬರಿಗೂ ಗೊತ್ತಿರಲಿಲ್ಲ."

"ಅವರನ್ನ ಕೇಳಬೇಕು ಅಂತ ನಮಗ ಹೊಳೀಲಿಲ್ಲ ಮೇಡಂ."

ಅವರು ಹಾಳೆಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟರು. ಕೊನೆಗೆ ಹೇಳಿದರು: "ಇವತ್ತ ನೀವು ಸುಳ್ಳು ಹೇಳಿದ್ರ ನಾವು ನಂಬತಿದ್ವಿ. ಹೇಳಲಿಲ್ಲ. ಅದಕ್ಕ ಮೂರು ತಿಂಗಳು ಕೊಡ್ತೀನಿ. ಈ ಸಲ ಸರಿಯಾಗಿ ಮಾಡ್ರಿ."

ಬೆಳ್ಳಿ ತೆಗೆದು ಉಕ್ಕಿನ ಒಳಮೈ ಹಾಕಿದೆವು. ಹಾಕುವ ಮುಂಚೆ ಒಂದು ಪಟ್ಟಿಯನ್ನು ರಾಜಬಿಗೆ ಕೊಟ್ಟು ಮೂರು ದಿನ ಹೊಂಡದಲ್ಲಿ ನೆನೆಸಲು ಹೇಳಿದೆ. ಅವಳು ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ನಾಲ್ಕನೇ ದಿನ ತೆಗೆದು, ಮೂಸಿ ನೋಡಿ, "ನಡೀತೈತಿ" ಎಂದು ಒಪ್ಪಿಗೆ ಕೊಟ್ಟಳು. ಈ ಸಲ ಹೆಂಗಸರು ಪಟ್ಟಿ ಸಮೇತವೇ ನೀರಿಗಿಳಿದರು. ಗೆರೆಗಳು ಒಂದಾಗಲಿಲ್ಲ. ಒಂದೊಂದು ಒಂದೊಂದು ದಾರಿ ಹಿಡಿದು ಮೊಂಡಾಟ ಮಾಡಿದವು. ಮಣಿಕಟ್ಟು ಬಿಸಿಯಾಗಬೇಕಾದಷ್ಟು ಬಿಸಿಯಾಯಿತು. ಸಿಕ್ಕ ಫಲಿತಾಂಶ ಪವಾಡವೇನಲ್ಲ: ಎದೆಬಡಿತದ ವೇಗ ಸ್ವಲ್ಪ ಇಳಿದಿತ್ತು, ರಾತ್ರಿ ನಿದ್ದೆ ಅರ್ಧ ಗಂಟೆ ಹೆಚ್ಚಾಗಿತ್ತು, ನಡೆಯುವ ಹೆಜ್ಜೆಗಳು ಕಾಲುಭಾಗ ಹೆಚ್ಚಾಗಿದ್ದವು. ನೋವಿನ ಮೊಣಕಾಲಿಗೆ ಅದು ಸಣ್ಣದಲ್ಲ.

ಆದರೆ ಒಂದು ವಿಚಿತ್ರ ಉಳಿದಿತ್ತು. ಮೊದಲ ಮೂರು ವಾರ ಫಲ ಅರ್ಧವೂ ಇರಲಿಲ್ಲ. ನೀರು ಅದೇ, ಬಿಸಿ ಅದೇ. ಆ ಮೂರು ವಾರ ನೀಲವ್ವ ಧಾರವಾಡದಲ್ಲಿ ನಮ್ಮ ಮನೆಯಲ್ಲೇ ಇದ್ದಳು, ಡಾಕ್ಟರು ದೂರ ಹೋಗಬೇಡ ಎಂದಿದ್ದರು. ಹೊಂಡದಲ್ಲಿ ಒಡವೆ ಯಾರು ಇಟ್ಟುಕೊಳ್ಳಬೇಕೆಂದು ದಿನಾ ಜಗಳವಂತೆ. ಯಾರಿಗೂ ನೀರಲ್ಲಿ ನೆಮ್ಮದಿಯಿಲ್ಲ, ಹತ್ತು ನಿಮಿಷಕ್ಕೆ ಎದ್ದುಬಿಡುವುದು. ನೀಲವ್ವ ವಾಪಸು ಹೋಗಿ ಮೆಟ್ಟಿಲ ಮೇಲೆ ಕೂತು ಬೈಯಲು ಶುರುಮಾಡಿದ ದಿನದಿಂದ ಎಲ್ಲರ ನಿದ್ದೆಯ ಅಂಕಿ ಏರಿತು. ಅವಳ ಕೈಗೂ ಒಂದು ಪಟ್ಟಿ ಹಾಕಿದ್ದೆ, ಇಪ್ಪತ್ತನಾಲ್ಕನೆಯದು. ಅದರಲ್ಲಿ ವಿರಾಮವೆಂಬುದು ಇರಲಿಲ್ಲ.

ಡಾ. ಮುದ್ನಾಳ ಕೊನೆಯ ಆದೇಶದಲ್ಲಿ ಹೊಂಡವನ್ನು ಚಿಕಿತ್ಸಾ ಸ್ಥಳವೆಂದು ಒಪ್ಪಿಕೊಂಡು, ಕೆಳಗೆ ಎರಡು ಸಾಲು ಸೇರಿಸಿದ್ದರು: "ಈ ಚಿಕಿತ್ಸೆಯಲ್ಲಿ ನೀರಿನ ಪಾಲೆಷ್ಟು, ಪರಿಚಾರಕಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗಿಲ್ಲ. ಬೇರ್ಪಡಿಸುವ ಅಗತ್ಯವೂ ಕಾಣುವುದಿಲ್ಲ." ಕೊಳವೆಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಆಡುಗಳು ಬೇವಿನ ನೆರಳಿಗೆ ಬಂದವು.

ಅದಾದ ಮುಂದಿನ ಭಾನುವಾರ. ಪಟ್ಟಿಗಳನ್ನು ಮರುದಿನ ವಾಪಸು ತರಬೇಕಿತ್ತು. ಪ್ರಯೋಗ ಮುಗಿದಿತ್ತು, ನಾನು ಕಡತ ಮುಚ್ಚಲು ಒಬ್ಬನೇ ಪ್ರಯೋಗಾಲಯಕ್ಕೆ ಹೋಗಿದ್ದೆ. ಕುಮುದಾ ಬೆಳಕು ಹರಿಯುವ ಮುಂಚೆಯೇ ಹೊಗೆಹೊಂಡದ ಬಸ್ಸು ಹಿಡಿದಿದ್ದಳು. ಈಗ ಅವಳಿಗೆ ನೆಪವೂ ಬೇಕಿರಲಿಲ್ಲ. ನಾನು ಚಹಾ ತರಿಸಿಕೊಂಡು ಪರದೆ ತೆರೆದೆ.

ಏಳಕ್ಕೆ ಎರಡು ಗೆರೆ ಒಂದಾದವು. ಆಮೇಲೆ ಏಳು. ಆಮೇಲೆ ಹದಿನೈದು. ನಾನು ಲೋಟ ಕೆಳಗಿಟ್ಟೆ. ಏಳೂಕಾಲಕ್ಕೆ ಇಪ್ಪತ್ತನಾಲ್ಕೂ ಗೆರೆಗಳು ಒಂದೇ ಗೆರೆಯಾಗಿ ಓಡತೊಡಗಿದವು. ಇಪ್ಪತ್ತನಾಲ್ಕು, ಅಂದರೆ ನೀಲವ್ವನದೂ ಸೇರಿ. ಪ್ರಯೋಗ ಮುಗಿಯಿತಲ್ಲ ಎಂದು ಹೆಂಗಸರು ಹಳೆಯ ಪದ್ಧತಿಗೆ ಮರಳಿದ್ದರು. ಮೈಮೇಲಿನದೆಲ್ಲ ಬಿಚ್ಚಿ ಮೆಟ್ಟಿಲ ಮೇಲೆ ಕೂತವಳ ಕೈಗೆ ಕೊಟ್ಟಿದ್ದರು. ಆದರೆ ಮೆಟ್ಟಿಲ ಮೇಲೆ ಕೂತಿದ್ದವಳು ಯಾರು? ನೀಲವ್ವನ ಎದೆಗೆ ಈಗ ಯಂತ್ರದ ನಿಗದಿತ ತಾಳ. ಇದು ಅದಲ್ಲ. ಇದು ನಿಮಿಷಕ್ಕೆ ಎಂಬತ್ತಾರು ಬಡಿತದ ಚುರುಕು ನಡಿಗೆ.

ಎಣಿಸುತ್ತ ಕೂತೆ. ಇಪ್ಪತ್ತಾರನೇ ಬಡಿತ ಆದ ಮೇಲೆ ಒಂದು ಸಣ್ಣ ಬಡಿತ ತನ್ನ ಸರದಿ ಕಾಯದೆ ಅವಸರದಲ್ಲಿ ಮುಂಚೆಯೇ ಬಂದುಬಿಟ್ಟಿತು. ಇಪ್ಪತ್ತನಾಲ್ಕು ಗೆರೆಗಳಲ್ಲೂ.

ಅದನ್ನು ನಾನು ಗುರುತಿಸದಿದ್ದರೆ ಇನ್ನು ಯಾರು ಗುರುತಿಸಬೇಕು. ಹತ್ತೊಂಬತ್ತು ವರ್ಷದಿಂದ ಆ ಬಡಿತದ ಪಕ್ಕದಲ್ಲೇ ಮಲಗಿದ್ದೇನೆ.

ಏಳು ಮೂವತ್ತೆರಡಕ್ಕೆ ಇಪ್ಪತ್ತನಾಲ್ಕು ಗೆರೆಗಳೂ ಒಮ್ಮೆಗೇ ಜಿಗಿದು ನೂರ ಹತ್ತಕ್ಕೆ ಏರಿದವು, ಸ್ವಲ್ಪ ಹೊತ್ತು ಅಲ್ಲೇ ಇದ್ದವು, ಆಮೇಲೆ ನಿಧಾನವಾಗಿ ಇಳಿದವು. ಏನಾಯಿತೋ ಎಂದು ಎದ್ದು ನಿಂತೆ. ಕುಮುದಾಗೆ ಫೋನು ಹಚ್ಚಿದೆ. ಎತ್ತಿದವಳು ರಾಜಬಿ.

"ಅಕ್ಕಾರ ಕೈ ಖಾಲಿ ಇಲ್ರಿ ಸಾಹೇಬ್ರ, ಭುಜದ ತನಕ ತುಂಬೈತಿ. ಅಳಾಕತ್ತಾರ, ನಗಾಕತ್ತಾರ. ನೀಲವ್ವ ನೀರಾಗ ಇಳದಾಳ್ರಿ. ಡಾಕ್ಟರು ಸೊಂಟದ ಮಟ್ಟ, ಹತ್ತು ನಿಮಿಷ ಅಂದಾರಂತ. 'ಅಯ್ಯ, ಇಷ್ಟು ಹಿತ ಇರತೈತೇನ' ಅಂತ ಬಯ್ಯಾಕತ್ತಾಳ ನಮಗ, ಮೂವತ್ತು ವರ್ಷ ಯಾಕ ಹೇಳಲಿಲ್ಲ ಅಂತ!"

ಹಿಂದಿನಿಂದ ನಗೆಯೂ ನೀರಿನ ಸಪ್ಪಳವೂ ಕೇಳಿದವು. ನಾನು ಕೂತು ಚಹಾ ಕುಡಿದೆ. ಈ ಸಲ ಅದು ಇನ್ನೂ ಬಿಸಿಯಾಗಿತ್ತು.

ನಿಯಮದ ಪ್ರಕಾರ ಆ ದಿನದ ದಾಖಲೆ ತಪ್ಪು ದಾಖಲೆ. ಪಟ್ಟಿ ಒಬ್ಬರದು, ನಾಡಿ ಇನ್ನೊಬ್ಬರದು. ಅಂಥದನ್ನು ಅಳಿಸಿಹಾಕಲಾಗುವುದು ಎಂಬುದು ನಾನೇ ಬರೆದ ಹದಿನಾಲ್ಕು ಅಂಶಗಳಲ್ಲಿ ಒಂದು. ಅಳಿಸಲಿಲ್ಲ.